ಪೆಟ್ಟಿಗೆಯ ಆ ಸ್ಟಿಕ್ಕರ್ ನಮ್ಮ ಕೈಗೆ ಕೊಡಿ: ಮೈಯೊಳಗೆ ಲೋಹ ಇರುವವರ ಹಕ್ಕೊತ್ತಾಯ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಎಂಆರ್‌ಐ ಸ್ಕ್ಯಾನಿಂಗ್ ವೇಳೆ ದೇಹದೊಳಗಿನ ಲೋಹದಿಂದ ಆಗಬಹುದಾದ ಅನಾಹುತ ತಡೆಯುವುದು ಹಾಗೂ ಲೋಹವಿದೆ ಎಂಬ ಒಂದೇ ಕಾರಣಕ್ಕೆ ಸ್ಕ್ಯಾನಿಂಗ್ ನಿರಾಕರಿಸುವುದನ್ನು ನಿಲ್ಲಿಸುವುದು.

ಮಾನ್ಯರೇ,

ಈ ಪತ್ರಕ್ಕೆ ಸಹಿ ಹಾಕಿದ ಎಲ್ಲರ ಮೈಯೊಳಗೆ, ಇಲ್ಲವೇ ಅವರ ಮನೆಯವರೊಬ್ಬರ ಮೈಯೊಳಗೆ ಲೋಹವಿದೆ. ಬೈಕಿನಿಂದ ಬಿದ್ದು ತೊಡೆಗೆ ರಾಡು ಹಾಕಿಸಿಕೊಂಡವರು, ಮಂಡಿ ಬದಲಿಸಿಕೊಂಡ ಅಜ್ಜಿಯರು, ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಇರುವ ನಿವೃತ್ತ ಮೇಷ್ಟರು, ಎದೆಯ ಚರ್ಮದಡಿ ಪೇಸ್‌ಮೇಕರ್ ಇಟ್ಟುಕೊಂಡು ಗದ್ದೆಗೆ ಹೋಗುವ ರೈತರು, ಕಾಕ್ಲಿಯರ್ ಇಂಪ್ಲಾಂಟ್ ಇರುವ ಮಗುವಿನ ತಾಯಿ, ಗಡಿಯಲ್ಲಿ ಸಿಡಿದ ಗುಂಡಿನ ಚೂರನ್ನು ಬೆನ್ನಲ್ಲೇ ಹೊತ್ತು ಊರಿಗೆ ಬಂದ ಕೊಡಗಿನ ಮಾಜಿ ಯೋಧರು, ಎಲ್ಲರೂ ಇದ್ದೇವೆ. ಬೇರೆ ಬೇರೆ ಕಾಯಿಲೆ, ಬೇರೆ ಬೇರೆ ಊರು. ನಮ್ಮನ್ನು ಕೂಡಿಸಿದ್ದು ಒಂದೇ ಪ್ರಶ್ನೆ. ಎಂಆರ್‌ಐ ಕೋಣೆಯ ಬಾಗಿಲಲ್ಲಿ ನಿಲ್ಲಿಸಿ, “ಒಳಗೆ ಏನು ಹಾಕಿದ್ದಾರೆ, ಯಾವ ಕಂಪನಿಯದು, ಯಾವ ಲೋಹ?” ಎಂದು ಕೇಳಿದಾಗ ನಮ್ಮಲ್ಲಿ ಬಹುಪಾಲು ಜನರಿಗೆ ಉತ್ತರ ಗೊತ್ತಿರಲಿಲ್ಲ. ಯಾಕೆಂದರೆ ಆಪರೇಷನ್ ಮಾಡಿದವರು ಅದನ್ನು ನಮಗೆ ಹೇಳಿಯೇ ಇರಲಿಲ್ಲ.

ಬೇಡಿಕೆಗಳಿಗೆ ಮೊದಲು ಒಂದು ಮನೆಯ ಕಥೆ ಹೇಳಬೇಕು. ಅದು ಈ ಪತ್ರದ ಕರಡು ಬರೆದ ನನ್ನ ಮನೆಯದೇ.

2006ರಲ್ಲಿ ನನ್ನ ಅಮ್ಮನ ಮೆದುಳಿನ ರಕ್ತನಾಳವೊಂದು ಉಬ್ಬಿ ಒಡೆಯಿತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತಲೆಬುರುಡೆ ತೆರೆದು, ಉಬ್ಬಿದ ಜಾಗದ ಬುಡಕ್ಕೆ ಪುಟ್ಟ ಕ್ಲಿಪ್ ಹಾಕಿ ಆಕೆಯನ್ನು ಉಳಿಸಿಕೊಟ್ಟರು. ಆ ವೈದ್ಯರ ಋಣ ನಮ್ಮ ಮೇಲಿದೆ. ಮನೆಗೆ ಬರುವಾಗ ಕೊಟ್ಟ ಡಿಸ್ಚಾರ್ಜ್ ಸಮ್ಮರಿಯಲ್ಲಿ ಇದ್ದದ್ದು ಒಂದೇ ಸಾಲು: ಕ್ಲಿಪ್ ಹಾಕಲಾಗಿದೆ. ಹದಿಮೂರು ವರ್ಷ ಅಮ್ಮ ಅದನ್ನು ಮರೆತೇ ಬದುಕಿದಳು. 2019ರಲ್ಲಿ ಆಕೆಯ ಕಾಲು ಎಡವತೊಡಗಿತು, ಬೆರಳು ಮರಗಟ್ಟತೊಡಗಿತು. ಕುತ್ತಿಗೆಯಲ್ಲಿ ನರ ಒತ್ತಿರಬಹುದು, ಎಂಆರ್‌ಐ ಮಾಡಿಸಿ ಎಂದರು ವೈದ್ಯರು.

ಮೊದಲ ಕೇಂದ್ರದಲ್ಲಿ ಇಂಗ್ಲಿಷಿನ ಫಾರಂ ಒಂದಕ್ಕೆ ಸಹಿ ಹಾಕಿಸಿಕೊಂಡರು. “ಪೇಸ್‌ಮೇಕರ್ ಇದೆಯಾ?” ಎಂದರು, ಅಮ್ಮ “ಇಲ್ಲ” ಎಂದಳು. ಅಷ್ಟೇ. ಗೌನು ತೊಡಿಸಿ, ಮೇಜಿನ ಮೇಲೆ ಮಲಗಿಸಿ, ತಲೆ ಸರಿಮಾಡುವಾಗ ಕೂದಲ ನಡುವಿನ ಹಳೆಯ ಗಾಯದ ಗೆರೆ ಅಲ್ಲಿದ್ದ ಹುಡುಗನ ಕಣ್ಣಿಗೆ ಬಿತ್ತು. ಆತ ಅಲ್ಲೇ ನಿಲ್ಲಿಸಿದ. ಅವನ ಹೆಸರನ್ನೂ ನಾನು ಕೇಳಿಕೊಳ್ಳಲಿಲ್ಲ. ಈಗಲೂ ಅವನನ್ನು ನೆನೆಯದ ದಿನವಿಲ್ಲ.

ಆಮೇಲೆ ಎರಡು ಕೇಂದ್ರಗಳು “ಕ್ಲಿಪ್ ಇದ್ದರೆ ಆಗುವುದೇ ಇಲ್ಲ” ಎಂದು ಕಳಿಸಿದವು. ಆಪರೇಷನ್ ಮಾಡಿದ ಆಸ್ಪತ್ರೆಯಲ್ಲಿ, ಹಳೆಯ ಫೈಲುಗಳನ್ನು ವಿಲೇವಾರಿ ಮಾಡಿಬಿಟ್ಟಿದ್ದೇವೆ ಎಂದರು. ಸಿಟಿ ಸ್ಕ್ಯಾನಿನಲ್ಲಿ ಮೂಳೆ ಕಂಡಿತು, ನರ ಎಷ್ಟು ನಲುಗಿದೆ ಎಂಬುದು ಕಾಣಲಿಲ್ಲ. ಐದು ತಿಂಗಳ ಮೇಲೆ ಅದೇ ಆಸ್ಪತ್ರೆಯ ಹಿರಿಯ ನರ್ಸ್ ಒಬ್ಬರು ಕನಿಕರಪಟ್ಟು ಆಪರೇಷನ್ ಥಿಯೇಟರಿನ ಹಳೆಯ ರಿಜಿಸ್ಟರನ್ನು ಕಪಾಟಿನ ತಳದಿಂದ ಎಳೆದು ತೆಗೆದರು. ಅಮ್ಮನ ಹೆಸರಿನ ಮುಂದೆ ಕ್ಲಿಪ್ಪಿನ ಪೆಟ್ಟಿಗೆಯಿಂದ ಕಿತ್ತು ಅಂಟಿಸಿದ ಸ್ಟಿಕ್ಕರ್ ಹಾಗೆಯೇ ಇತ್ತು. ಕಂಪನಿಯ ಹೆಸರು, ಮಾದರಿ ಸಂಖ್ಯೆ, ಲೋಹದ ಹೆಸರು. ಟೈಟಾನಿಯಂ. ಕಂಪನಿಯ ಕಾಗದಪತ್ರ ತೆಗೆಸಿ ನೋಡಿದರೆ ಷರತ್ತಿಗೆ ಒಳಪಟ್ಟು ಎಂಆರ್‌ಐಗೆ ಅಡ್ಡಿಯೇ ಇರಲಿಲ್ಲ. ಸ್ಕ್ಯಾನಿಂಗ್ ಆಯಿತು, ಕುತ್ತಿಗೆಯ ಆಪರೇಷನ್ನೂ ಆಯಿತು. ಅಷ್ಟರೊಳಗೆ ಆಗುವುದು ಆಗಿತ್ತು. ಅಮ್ಮ ಈಗ ವಾಕರ್ ಹಿಡಿದು ನಡೆಯುತ್ತಾಳೆ. ಮಲ್ಲಿಗೆ ಹೂ ಕಟ್ಟುತ್ತಿದ್ದ ಬೆರಳುಗಳಿಗೆ ದಾರದ ಗಂಟು ಸಿಗುತ್ತಿಲ್ಲ.

ಅಂಗೈ ಅಗಲವೂ ಇಲ್ಲದ ಒಂದು ಚೀಟಿ. 2006ರಲ್ಲೇ ಅದರ ಇನ್ನೊಂದು ಪ್ರತಿಯನ್ನು ನಮ್ಮ ಕೈಗೆ ಕೊಟ್ಟಿದ್ದರೆ ಸಾಕಿತ್ತು.

ಅಪಾಯ ಏನೆಂದು ಕೆಲವೇ ಮಾತುಗಳಲ್ಲಿ ಹೇಳುತ್ತೇವೆ, ಬೇಡಿಕೆಗಳು ಅದರ ಮೇಲೆ ನಿಂತಿವೆ. ಸಾಮಾನ್ಯ ಎಂಆರ್‌ಐ ಯಂತ್ರದ ಕಾಂತಶಕ್ತಿ 1.5 ಟೆಸ್ಲಾ, ದೊಡ್ಡ ಆಸ್ಪತ್ರೆಗಳಲ್ಲಿ 3 ಟೆಸ್ಲಾ. ನಮ್ಮ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಶಕ್ತಿಗಿಂತ 1.5 ಟೆಸ್ಲಾ ಎಂದರೆ 30,000 ಪಟ್ಟಿಗೂ ಹೆಚ್ಚು. ಇದು ಮೈಯೊಳಗಿನ ಲೋಹವನ್ನು ಮೂರು ಬಗೆಯಲ್ಲಿ ಕಾಡುತ್ತದೆ. ಕಬ್ಬಿಣದ ಗುಣವಿರುವ ವಸ್ತುವನ್ನು ಎಳೆಯುತ್ತದೆ, ತಿರುಚುತ್ತದೆ. ಚಿತ್ರ ತೆಗೆಯಲು ಬಿಡುವ ರೇಡಿಯೊ ತರಂಗ ಉದ್ದನೆಯ ವೈರುಗಳ ತುದಿಯನ್ನು ಕಾಯಿಸುತ್ತದೆ. ಬ್ಯಾಟರಿ, ಚಿಪ್ ಇರುವ ಸಾಧನಗಳ ಲೆಕ್ಕಾಚಾರವನ್ನು ಕೆಡಿಸುತ್ತದೆ. ಹಾಗೆಂದು ಎಲ್ಲ ಲೋಹವೂ ಒಂದೇ ಅಲ್ಲ. ಇಂದು ಮೂಳೆಗೆ ಹಾಕುವ ಟೈಟಾನಿಯಂ, ಕೋಬಾಲ್ಟ್–ಕ್ರೋಮಿಯಂ ಮತ್ತು ಆಸ್ಪತ್ರೆಯಲ್ಲಿ ಬಳಸುವ 316ಎಲ್ ಸ್ಟೀಲ್ ಅಯಸ್ಕಾಂತಕ್ಕೆ ಅಂಟಿಕೊಳ್ಳುವಂಥವಲ್ಲ. ಅವುಗಳ ಸುತ್ತ ಚಿತ್ರ ಮಸುಕಾಗುತ್ತದೆ, ಅದು ಬೇರೆ ಮಾತು. ಯಾವುದು ಅಪಾಯ, ಯಾವುದು ಅಲ್ಲ ಎಂದು ಹೇಳುವ ಒಂದೇ ಸಾಕ್ಷಿ ಅದರ ಹೆಸರು ಮತ್ತು ಮಾದರಿ ಸಂಖ್ಯೆ. ಅದು ತಿಳಿಯದಿದ್ದರೆ ಹೋಗಬಾರದವರು ಒಳಗೆ ಹೋಗುತ್ತಾರೆ, ಹೋಗಬೇಕಾದವರು ಬಾಗಿಲಿಂದ ವಾಪಸ್ ಬರುತ್ತಾರೆ.

ಆದ್ದರಿಂದ ನಾವು ಒತ್ತಾಯಿಸುತ್ತೇವೆ:

1. ಪೆಟ್ಟಿಗೆಯ ಸ್ಟಿಕ್ಕರ್ ರೋಗಿಯ ಕೈಗೆ ಬರಬೇಕು.

ಮೈಯೊಳಗೆ ಉಳಿಯುವ ಯಾವುದೇ ಸಾಧನ ಹಾಕಿದರೂ, ರಾಡು, ಪ್ಲೇಟು, ಸ್ಟೆಂಟ್, ಕ್ಲಿಪ್, ಕಾಯಿಲ್, ಕವಾಟ, ಪೇಸ್‌ಮೇಕರ್, ಶಂಟ್ ಯಾವುದೇ ಇರಲಿ, ಡಿಸ್ಚಾರ್ಜ್ ದಿನ ಪರ್ಸಿನಲ್ಲಿ ಇಟ್ಟುಕೊಳ್ಳುವಂಥ ಕಾರ್ಡೊಂದನ್ನು ಕೊಡಬೇಕು. ಅದರಲ್ಲಿ ಸಾಧನದ ಹೆಸರು, ತಯಾರಕರು, ಮಾದರಿ, ಬ್ಯಾಚ್ ಅಥವಾ ಸೀರಿಯಲ್ ಸಂಖ್ಯೆ, ಹಾಕಿದ ದಿನಾಂಕ, ದೇಹದ ಯಾವ ಭಾಗ, ಎಡವೋ ಬಲವೋ ಎಂಬುದು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರಬೇಕು. ಜೊತೆಗೆ ಎಂಆರ್‌ಐ ಗುರುತು ಇರಬೇಕು. 2005ರಿಂದ ಜಗತ್ತಿನಲ್ಲಿ ಇದಕ್ಕೆ ಮೂರು ಚಿಹ್ನೆಗಳಿವೆ: ಹಸಿರು ಚೌಕವೆಂದರೆ ಸುರಕ್ಷಿತ, ಹಳದಿ ತ್ರಿಕೋನವೆಂದರೆ ಷರತ್ತಿಗೆ ಒಳಪಟ್ಟು ಸುರಕ್ಷಿತ, ಅಡ್ಡಗೆರೆ ಎಳೆದ ಕೆಂಪು ವೃತ್ತವೆಂದರೆ ಕೂಡದು. ಹಳದಿ ತ್ರಿಕೋನವಿದ್ದರೆ ಆ ಷರತ್ತು ಏನೆಂದೂ ಬರೆಯಬೇಕು, 1.5 ಟೆಸ್ಲಾಕ್ಕೆ ಮಾತ್ರವೋ, 3ಕ್ಕೂ ಆದೀತೋ ಎಂದು. ಅಕ್ಷರ ಓದಲಾರದ ನಮ್ಮ ಅಜ್ಜಿಯೂ ಬಣ್ಣ ಗುರುತಿಸುತ್ತಾಳೆ.

ಇದು ಆಗದ ಕೆಲಸವೆಂದು ಯಾರೂ ಹೇಳುವಂತಿಲ್ಲ. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಸ್ಟೆಂಟುಗಳಿಗೆ ಗರಿಷ್ಠ ಬೆಲೆ ಕಟ್ಟಿದಾಗ, ಬಿಲ್ಲಿನಲ್ಲಿ ಸ್ಟೆಂಟಿನ ಬ್ರಾಂಡು, ತಯಾರಕರ ಹೆಸರು, ಬ್ಯಾಚ್ ಸಂಖ್ಯೆಯನ್ನು ಪ್ರತ್ಯೇಕವಾಗಿ ನಮೂದಿಸಬೇಕೆಂದು ಆಸ್ಪತ್ರೆಗಳಿಗೆ ಆದೇಶಿಸಿತು. ಹಣದ ಲೆಕ್ಕಕ್ಕೆ ಬರೆಯಲು ಆಗುವುದನ್ನು ಜೀವದ ಲೆಕ್ಕಕ್ಕೂ ಬರೆಯಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಮಾಡಿದ ಪ್ರತಿ ಆಪರೇಷನ್ನಿಗೂ, ಈ ಕಾರ್ಡು ಕೊಟ್ಟಿದ್ದೇವೆಂದು ರೋಗಿಯ ಸಹಿ ತೋರಿಸಿದ ಮೇಲೆಯೇ ಆಸ್ಪತ್ರೆಗೆ ಹಣ ಬಿಡುಗಡೆ ಮಾಡಿ. ರೋಗಿ ಒಪ್ಪಿದರೆ ಅದೇ ವಿವರವನ್ನು ಆಭಾ ಆರೋಗ್ಯ ಖಾತೆಗೂ ಸೇರಿಸಿ. ಆದರೆ ಕಾಗದದ ಕಾರ್ಡು ಬೇಕೇ ಬೇಕು. ರಾತ್ರಿ ಎರಡು ಗಂಟೆಗೆ ಆಂಬುಲೆನ್ಸಿನಲ್ಲಿ ಬಂದವರ ಮೊಬೈಲಿನ ಪಾಸ್‌ವರ್ಡ್ ಯಾರಿಗೆ ಗೊತ್ತಿರುತ್ತದೆ?

2. ಸಾಧನ ಮೈಯಲ್ಲಿ ಇರುವವರೆಗೆ ದಾಖಲೆಯೂ ಇರಬೇಕು.

2002ರ ವೈದ್ಯಕೀಯ ವೃತ್ತಿ ನಡಾವಳಿ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು ವೈದ್ಯರು ಇಟ್ಟುಕೊಳ್ಳಬೇಕಾದ್ದು 3 ವರ್ಷ. ಅಮ್ಮನ ತಲೆಯಲ್ಲಿರುವ ಕ್ಲಿಪ್ಪಿನ ಆಯಸ್ಸು ಅಮ್ಮನ ಆಯಸ್ಸಿನಷ್ಟು. ಈ ಎರಡರ ನಡುವಿನ ಕಂದರದಲ್ಲೇ ನಾವೆಲ್ಲ ಬಿದ್ದಿರುವುದು. ಬೇರೆ ಪುಟಗಳನ್ನು ಏನು ಬೇಕಾದರೂ ಮಾಡಿಕೊಳ್ಳಲಿ, ಸಾಧನದ ವಿವರವಿರುವ ಪುಟವನ್ನು ಆಸ್ಪತ್ರೆ ಸುಡುವಂತಿಲ್ಲ, ಮಾರುವಂತಿಲ್ಲ. ಆಸ್ಪತ್ರೆ ಮುಚ್ಚಿದರೆ ಆ ರಿಜಿಸ್ಟರು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಬರಬೇಕು. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ಅದೇ 2002ರ ನಿಯಮ ಹೇಳುತ್ತದೆ. ಅದನ್ನು ಪಾಲಿಸಲಿ. ಹಳೆಯ ಆಪರೇಷನ್ನುಗಳ ಥಿಯೇಟರ್ ರಿಜಿಸ್ಟರುಗಳನ್ನು ಸ್ಕ್ಯಾನ್ ಮಾಡಿ ಇಡಲು ಸರ್ಕಾರಿ ಆಸ್ಪತ್ರೆಗಳಿಗೆ ಒಂದು ವರ್ಷದ ಗಡುವು ಕೊಡಿ.

ದಾಖಲೆ ಇದ್ದರೆ ಸಾಲದು, ಸರಿಯಾಗಿಯೂ ಇರಬೇಕು. ಅಮೆರಿಕದಲ್ಲಿ ಮೆದುಳಿನ ಕ್ಲಿಪ್ ಇದ್ದ ರೋಗಿಯೊಬ್ಬರು ಎಂಆರ್‌ಐ ಯಂತ್ರದೊಳಗೆ ಕ್ಲಿಪ್ ಅಲುಗಿ, ರಕ್ತಸ್ರಾವವಾಗಿ ತೀರಿಕೊಂಡದ್ದು 1993ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಅಲ್ಲಿ ವಿಚಾರಿಸದೇ ಇರಲಿಲ್ಲ, ವಿಚಾರಿಸಿದ್ದರು. ಅಯಸ್ಕಾಂತಕ್ಕೆ ಅಂಟದ ಮಾದರಿಯೆಂದು ಸಿಕ್ಕ ಮಾಹಿತಿಯೇ ತಪ್ಪಾಗಿತ್ತು. ತಲೆಯೊಳಗಿದ್ದದ್ದು ಅಂಟುವ ಮಾದರಿ. ಆದ್ದರಿಂದಲೇ ನಾವು ಕೈಬರಹದ ಸಾಲು ಬೇಡ, ಪೆಟ್ಟಿಗೆಯ ಸ್ಟಿಕ್ಕರೇ ಬೇಕು ಎನ್ನುವುದು.

3. ಪ್ರಶ್ನೆಯನ್ನು ನಮ್ಮ ಮಾತಿನಲ್ಲಿ ಕೇಳಿ, ಎರಡು ಸಲ ಕೇಳಿ.

“ಇಂಪ್ಲಾಂಟ್ ಇದೆಯಾ?” ಎಂದು ಕೇಳಿದರೆ ಹಳ್ಳಿಯಿಂದ ಬಂದವರು “ಇಲ್ಲ ಸಾರ್” ಎನ್ನುತ್ತಾರೆ. “ಕಾಲಿಗೆ ರಾಡು ಹಾಕಿದ್ದಾರಾ?” ಎಂದರೆ “ಹೂಂ, ಹಾಕವ್ರೆ” ಎನ್ನುತ್ತಾರೆ. “ಹಾರ್ಟಿಗೆ ಬ್ಯಾಟರಿ ಕೂರಿಸಿದ್ದಾರಾ, ಸ್ಪ್ರಿಂಗ್ ಹಾಕಿದ್ದಾರಾ, ತಲೆ ಆಪರೇಷನ್ ಆಗಿದೆಯಾ, ಕಿವಿಗೆ ಮಿಷನ್ ಇದೆಯಾ, ವಂಕಿ ಹಾಕಿಸಿಕೊಂಡಿದ್ದೀರಾ, ಮೈಯಲ್ಲಿ ಗುಂಡಿನ ಚೂರು ಉಳಿದಿದೆಯಾ?” ಎಂದು ಒಂದೊಂದಾಗಿ ಕೇಳಬೇಕು. ರಾಜ್ಯಕ್ಕೆಲ್ಲ ಒಂದೇ ಕನ್ನಡ ಪ್ರಶ್ನಾವಳಿ ಇರಲಿ, ಆದರೆ ಅದನ್ನು ಬರೆಯುವವರು ಸಚಿವಾಲಯದ ಭಾಷಾಂತರಕಾರರೊಬ್ಬರೇ ಆಗಬಾರದು. ಜಿಲ್ಲಾ ಆಸ್ಪತ್ರೆಗಳ ನರ್ಸುಗಳು, ಆಶಾ ಕಾರ್ಯಕರ್ತೆಯರು ಕೂತು ಬರೆಯಲಿ. ತುಳು, ಕೊಂಕಣಿ, ಉರ್ದು, ಲಂಬಾಣಿ, ತೆಲುಗು, ಮರಾಠಿ ಆಡುವವರಿಗೆ ಅವರ ಮಾತಿನಲ್ಲಿ ಓದಿಹೇಳುವ ಧ್ವನಿಮುದ್ರಣ ಇರಲಿ.

ಒಮ್ಮೆ ಅಪಾಯಿಂಟ್‌ಮೆಂಟ್ ಕೊಡುವಾಗ, ಮತ್ತೊಮ್ಮೆ ಒಳಗೆ ಬಿಡುವ ಮುನ್ನ, ಬೇರೆ ಬೇರೆ ಇಬ್ಬರು ಕೇಳಬೇಕು. ಪ್ರಜ್ಞೆಯಿಲ್ಲದೆ ಬಂದವರ ಮೈಮೇಲಿನ ಗಾಯದ ಗುರುತುಗಳನ್ನು ನೋಡಬೇಕು, ಅನುಮಾನವಿದ್ದರೆ ಮೊದಲು ಎಕ್ಸ್‌ರೇ ತೆಗೆಯಬೇಕು. ಎಂಆರ್‌ಐ ಬರೆದುಕೊಡುವ ವೈದ್ಯರ ಚೀಟಿಯಲ್ಲೂ “ಮೈಯೊಳಗಿನ ಸಾಧನ” ಎಂಬ ಒಂದು ಅಂಕಣ ಕಡ್ಡಾಯವಾಗಿರಲಿ. ಹತ್ತು ವರ್ಷದಿಂದ ನಮ್ಮನ್ನು ನೋಡುತ್ತಿರುವವರು ಅವರು. ಸ್ಕ್ಯಾನಿಂಗ್ ಸೆಂಟರಿನ ಹುಡುಗನಿಗೆ ನಮ್ಮ ಮುಖ ಮೊದಲ ಸಲ ಕಾಣುವುದು.

4. “ಏನಾದರೂ ಆದರೆ ಹೊಣೆ ನನ್ನದೇ” ಎಂಬ ಸಹಿ ರದ್ದಾಗಬೇಕು.

ಒಪ್ಪಿಗೆ ಪತ್ರ ಬೇಕು, ನಾವು ಬೇಡವೆನ್ನುವುದಿಲ್ಲ. ಅಪಾಯವನ್ನು ವಿವರಿಸಿ ಒಪ್ಪಿಗೆ ಪಡೆಯುವುದೇ ಬೇರೆ, ವಿವರಿಸದೆ ಅಪಾಯವನ್ನು ನಮ್ಮ ತಲೆಗೆ ಕಟ್ಟುವುದೇ ಬೇರೆ. ಓದಲಾಗದ ಭಾಷೆಯಲ್ಲಿ ಪಡೆದ ಸಹಿಯನ್ನು ಯಾವ ಕೇಂದ್ರವೂ ರಕ್ಷಣೆಗೆ ಮುಂದಿಡದಂತೆ ಆದೇಶ ಹೊರಡಿಸಿ.

5. ಬೆಂಕಿ–ಕಬ್ಬಿಣದ ಜೊತೆ ದುಡಿಯುವವರ ಕಣ್ಣು.

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ, ಪೀಣ್ಯದ ಲೇತ್ ಶೆಡ್ಡುಗಳಲ್ಲಿ, ಊರೂರಿನ ವೆಲ್ಡಿಂಗ್ ಅಂಗಡಿಗಳಲ್ಲಿ ಗ್ರೈಂಡಿಂಗ್ ಮಾಡುವವರ ಕಣ್ಣಿಗೆ ಕಬ್ಬಿಣದ ಪುಡಿ ಸಿಡಿಯುವುದು ದಿನದ ಮಾತು. ಕರವಸ್ತ್ರದ ತುದಿಯಿಂದ ತೆಗೆದು ಕೆಲಸ ಮುಂದುವರಿಸುತ್ತಾರೆ. ಎಷ್ಟೋ ಸಲ ಚೂರು ಒಳಗೇ ಉಳಿದಿರುತ್ತದೆ, ನೋವೂ ಇರುವುದಿಲ್ಲ. ಅಂಥ ಚೂರು ಎಂಆರ್‌ಐ ಒಳಗೆ ಅಲುಗಿ ತಗಡು ಕೆಲಸಗಾರರೊಬ್ಬರ ಒಂದು ಕಣ್ಣು ಹೋದದ್ದು ಅಮೆರಿಕದಲ್ಲಿ 1986ರಷ್ಟು ಹಿಂದೆಯೇ ದಾಖಲಾಗಿದೆ. “ಯಾವ ಕೆಲಸ ಮಾಡುತ್ತೀರಿ, ಕಣ್ಣಿಗೆ ಯಾವತ್ತಾದರೂ ಕಬ್ಬಿಣ ಸಿಡಿದಿತ್ತಾ?” ಎಂಬ ಪ್ರಶ್ನೆ ಕಡ್ಡಾಯವಾಗಲಿ. ಹೌದೆಂದವರಿಗೆ ಕಣ್ಣಿನ ಎಕ್ಸ್‌ರೇಯನ್ನು ಹೆಚ್ಚುವರಿ ಹಣ ಪಡೆಯದೆ ಮಾಡಿ.

6. ನಿರಾಕರಿಸುವುದಾದರೆ ಬರೆದುಕೊಡಿ, ದಾರಿ ತೋರಿಸಿ.

ಈ ಬೇಡಿಕೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಅನಾಹುತವಾದರೆ ಸುದ್ದಿಯಾಗುತ್ತದೆ. ಬಾಗಿಲಿಂದ ವಾಪಸ್ ಕಳಿಸಿದ್ದು ಯಾವ ಪೇಪರಿನಲ್ಲೂ ಬರುವುದಿಲ್ಲ. ಮಂಡಿ ಬದಲಿಸಿಕೊಂಡವರಿಗೆ ಸೊಂಟದ ಎಂಆರ್‌ಐ ಇಲ್ಲ, ಸ್ಟೆಂಟ್ ಹಾಕಿಸಿಕೊಂಡವರಿಗೆ ಆರು ತಿಂಗಳು ಇಲ್ಲ, ವಂಕಿ (ಕಾಪರ್-ಟಿ) ಇರುವ ಹೆಣ್ಣುಮಗಳು ತೆಗೆಸಿಕೊಂಡು ಬರಲಿ ಎಂಬ ಮಾತುಗಳನ್ನು ನಮ್ಮವರು ಕೌಂಟರುಗಳಲ್ಲಿ ಕೇಳಿದ್ದಾರೆ. ಇಂದಿನ ಸ್ಟೆಂಟುಗಳನ್ನು ಅವುಗಳ ಷರತ್ತಿನಂತೆ ಹಾಕಿದ ಕೂಡಲೇ ಸ್ಕ್ಯಾನ್ ಮಾಡಬಹುದು. ಕಾಪರ್‌–ಟಿ ತಾಮ್ರದ್ದು, ಅದಕ್ಕೆ 1.5 ಮತ್ತು 3 ಟೆಸ್ಲಾ ಎರಡರಲ್ಲೂ ಸ್ಕ್ಯಾನಿಂಗ್ ಆಗುತ್ತದೆ. ಗಡಿಬಿಡಿಯಲ್ಲಿ “ಬೇಡ” ಎನ್ನುವುದು ಕೇಂದ್ರದವರಿಗೆ ಸುಲಭ. ಅದರ ಬೆಲೆಯನ್ನು ಬೆನ್ನುಹುರಿಯ ಗಂಟೋ, ಮೆದುಳಿನ ಗಡ್ಡೆಯೋ ಇರುವವರು ತೆರುತ್ತಾರೆ.

ಪೇಸ್‌ಮೇಕರ್ ಇರುವವರ ಸ್ಥಿತಿ ಇನ್ನೂ ಕಷ್ಟ. ಒಂದು ಕಾಲದಲ್ಲಿ ಅವರಿಗೆ ಎಂಆರ್‌ಐ ಕೂಡದು ಎಂಬುದೇ ಸರಿಯಾದ ಉತ್ತರವಾಗಿತ್ತು. ಈಗ ಹಾಗಿಲ್ಲ. ಎಂಆರ್‌ಐಗೆ ಹೊಂದುವ ಪೇಸ್‌ಮೇಕರಿಗೆ ಅಮೆರಿಕದ ಎಫ್‌ಡಿಎ 2011ರಲ್ಲೇ ಅನುಮತಿ ಕೊಟ್ಟಿತು. ಹಳೆಯ ಮಾದರಿಯವರ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಪೇಸ್‌ಮೇಕರ್ ಇದ್ದವರಲ್ಲಿ 1,000 ಸ್ಕ್ಯಾನ್, ಶಾಕ್ ಕೊಡುವ ಡಿಫಿಬ್ರಿಲೇಟರ್ ಇದ್ದವರಲ್ಲಿ 500 ಸ್ಕ್ಯಾನ್, ಎಲ್ಲವೂ 1.5 ಟೆಸ್ಲಾದಲ್ಲಿ, ಎದೆಯ ಭಾಗ ಬಿಟ್ಟು. ಮೊದಲು ಸಾಧನವನ್ನು ಪರೀಕ್ಷಿಸಿ, ನಿಯಮದಂತೆ ಹೊಂದಿಸಿ, ಪಕ್ಕದಲ್ಲಿ ನಿಗಾ ಇಟ್ಟು ಮಾಡಿದ ಸ್ಕ್ಯಾನುಗಳಲ್ಲಿ ಸಾವಾಗಲಿಲ್ಲ, ವೈರು ಕೆಡಲಿಲ್ಲ. ಇದಕ್ಕೆ ಬೇಕಾದದ್ದು ಸಾಧನವನ್ನು ಹೊಂದಿಸಬಲ್ಲ ತಂಡ, ಇಸಿಜಿ, ಡಿಫಿಬ್ರಿಲೇಟರ್, ಹೃದ್ರೋಗ ವೈದ್ಯರು. ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿದೆ. ಆ ಪರಿಣತಿ ನಮ್ಮಲ್ಲಿಲ್ಲ ಎನ್ನಲಾಗದು.

ಆದ್ದರಿಂದ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ, ಈ ನಾಲ್ಕೂ ಕಂದಾಯ ವಿಭಾಗಗಳಲ್ಲಿ ಕನಿಷ್ಠ ಒಂದೊಂದು ಸರ್ಕಾರಿ ಕೇಂದ್ರವಾದರೂ ಪೇಸ್‌ಮೇಕರ್ ಇರುವವರಿಗೆ ನಿಗದಿತ ದಿನದಂದು ಎಂಆರ್‌ಐ ಮಾಡಬೇಕು. ಯಾವುದೇ ಕೇಂದ್ರ ನಿರಾಕರಿಸಿದರೆ ಕಾರಣವನ್ನು ಬರೆದು, ಸಹಿ ಹಾಕಿ, ಎಲ್ಲಿಗೆ ಹೋಗಬೇಕೆಂದು ಸೂಚಿಸಬೇಕು. ಸಂಶಯ ಬಂದ ಟೆಕ್ನೀಷಿಯನ್ ಮಾದರಿ ಸಂಖ್ಯೆ ಹೇಳಿ ಕೇಳಿದರೆ ಉತ್ತರಿಸುವ ತಜ್ಞರ ಸಹಾಯವಾಣಿ ಹಗಲು ರಾತ್ರಿ ಇರಬೇಕು. ಬೀದರಿನಲ್ಲೋ ಚಾಮರಾಜನಗರದಲ್ಲೋ ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವ ಆ ಹುಡುಗ, ಹುಡುಗಿಯರ ಮೇಲೆ ಇಷ್ಟು ದೊಡ್ಡ ನಿರ್ಧಾರವನ್ನು ಹೊರಿಸುವುದು ಅನ್ಯಾಯ.

7. ಕಾಕ್ಲಿಯರ್ ಇಂಪ್ಲಾಂಟ್ ಮತ್ತು ತಲೆಯ ಶಂಟ್.

ಸರ್ಕಾರದ ನೆರವಿನಿಂದ ಕಿವಿ ಕೇಳಿಸಿಕೊಂಡ ಮಕ್ಕಳ ತಲೆಯ ಚರ್ಮದಡಿ ಪುಟ್ಟದೊಂದು ಅಯಸ್ಕಾಂತವೇ ಇರುತ್ತದೆ. ಕೆಲವು ಮಾದರಿಗಳಲ್ಲಿ ಅದನ್ನು ಮೊದಲು ತೆಗೆಯಬೇಕು, ಕೆಲವಕ್ಕೆ ಬಿಗಿಯಾಗಿ ಪಟ್ಟಿ ಕಟ್ಟಬೇಕು, ಹೊಸವು ತಾವೇ ತಿರುಗಿಕೊಳ್ಳುತ್ತವೆ. ಯಾವ ಮಗುವಿಗೆ ಯಾವುದು ಎಂಬುದನ್ನು ತಾಯ್ತಂದೆಗೆ ಆಪರೇಷನ್ ದಿನವೇ ತಿಳಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಈ ಮಕ್ಕಳು ತರಬೇತಿಗೆ ಬರುವಾಗಲೇ ಕಾರ್ಡನ್ನು ಪರಿಶೀಲಿಸಬಹುದು. ತಲೆಯಲ್ಲಿ ನೀರು ತುಂಬುವ ಕಾಯಿಲೆಗೆ ಹಾಕುವ, ಹೊರಗಿನಿಂದ ಹೊಂದಿಸಬಲ್ಲ ಶಂಟಿನ ಕವಾಟದ ಅಳತೆಯನ್ನು ಎಂಆರ್‌ಐ ಅಯಸ್ಕಾಂತ ಬದಲಿಸಿಬಿಡಬಹುದು. ಸ್ಕ್ಯಾನಿಂಗ್ ಮುಗಿದ ಮೇಲೆ ಅದನ್ನು ಮತ್ತೆ ಅಳೆಯದೆ ಮನೆಗೆ ಕಳಿಸಬಾರದು.

8. ಆ ಕೋಣೆಯ ಬಾಗಿಲು.

ಯಂತ್ರದ ಸದ್ದು ನಿಂತರೆ ಅಯಸ್ಕಾಂತವೂ ನಿಂತಿತೆಂದು ಜನ ತಿಳಿಯುತ್ತಾರೆ. ಅದು ನಿಲ್ಲುವುದಿಲ್ಲ. ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿದ ಸುರುಳಿ ಕರೆಂಟು ಹೋದರೂ, ಭಾನುವಾರವೂ, ನಡುರಾತ್ರಿಯೂ ಎಳೆಯುತ್ತಲೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈ ಮಹಾನಗರ ಪಾಲಿಕೆಯ ಆಸ್ಪತ್ರೆಯೊಂದರಲ್ಲಿ ಸಂಬಂಧಿಕರ ಜೊತೆ ಬಂದಿದ್ದ 32 ವರ್ಷದ ಯುವಕ ಆಮ್ಲಜನಕದ ಸಿಲಿಂಡರ್ ಹಿಡಿದು ಒಳಗೆ ಹೋಗಿ ಪ್ರಾಣ ಕಳೆದುಕೊಂಡರು. ಯಂತ್ರ ಆಫ್ ಆಗಿದೆ ಎಂದು ಸಿಬ್ಬಂದಿ ಹೇಳಿದ್ದರೆಂದು ಮನೆಯವರು ದೂರಿದರು. ಅದಕ್ಕೂ ಮೊದಲು, 2014ರ ನವೆಂಬರಿನಲ್ಲಿ, ನವಿ ಮುಂಬೈಯಲ್ಲಿ ಇಬ್ಬರು ನೌಕರರು ಸಿಲಿಂಡರ್ ಮತ್ತು ಯಂತ್ರದ ನಡುವೆ ಸುಮಾರು ನಾಲ್ಕು ಗಂಟೆ ಸಿಕ್ಕಿಬಿದ್ದಿದ್ದರು. ಅಯಸ್ಕಾಂತವನ್ನು ಇಳಿಸುವ ತುರ್ತು ಗುಂಡಿ ಕೆಲಸ ಮಾಡಲಿಲ್ಲ.

ಆದ್ದರಿಂದ: ಪ್ರತಿ ಕೇಂದ್ರದ ಬಾಗಿಲಲ್ಲಿ “ಅಯಸ್ಕಾಂತ ಸದಾ ಚಾಲೂ ಇರುತ್ತದೆ” ಎಂಬ ಕನ್ನಡ ಬೋರ್ಡು ಆಳೆತ್ತರದಲ್ಲಿರಬೇಕು. ಬಾಗಿಲಿಗೆ ಬೀಗವಿರಬೇಕು, ಬೀಗದ ಕೈ ತರಬೇತಾದವರ ಬಳಿ ಮಾತ್ರ ಇರಬೇಕು. ಒಳಗೆ ಗೋಡೆಯ ಪೈಪಿನಿಂದಲೇ ಆಮ್ಲಜನಕ ಬರಬೇಕು, ಸ್ಟ್ರೆಚರ್, ವೀಲ್‌ಚೇರ್‌ಗಳು ಕಬ್ಬಿಣದವಾಗಿರಬಾರದು. ತುರ್ತು ಗುಂಡಿ ಕೆಲಸ ಮಾಡುತ್ತದೆಯೇ, ತಂತಿ ಜೋಡಿಸಿದೆಯೇ ಎಂಬ ತಪಾಸಣೆಯ ದಿನಾಂಕವನ್ನು ಲಿಫ್ಟಿನಲ್ಲಿ ಹಾಕುವಂತೆ ಹೊರಗೆ ಅಂಟಿಸಬೇಕು. ತರಬೇತಿ ಎಂದರೆ ವೈದ್ಯರಿಗೆ ಮಾತ್ರವೆಂದು ತಿಳಿಯಬೇಡಿ. ಸ್ಟ್ರೆಚರ್ ತಳ್ಳುವ ವಾರ್ಡ್ ಬಾಯ್, ನೆಲ ಒರೆಸುವ ಆಯಾ, ರಾತ್ರಿ ಕಾವಲಿನವರು ಬಹುಪಾಲು ಗುತ್ತಿಗೆಯವರು, ಇವತ್ತು ಇಲ್ಲಿ, ನಾಳೆ ಇನ್ನೊಂದು ವಾರ್ಡಿನಲ್ಲಿ. ಅವರಿಗೆ ಮೊದಲ ದಿನವೇ ಹೇಳಿಕೊಡಬೇಕು, ಅವರ ಜೀವವೂ ಜೀವವೇ.

9. ತಾಳಿ, ಪಿನ್ನು, ಕಾಲುಂಗುರ.

ಮೈಮೇಲಿನ ಲೋಹವನ್ನು ತೆಗೆಯಲೇಬೇಕು, ಅದರಲ್ಲಿ ರಾಜಿಯಿಲ್ಲ. ಚಿನ್ನ, ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲವಾದರೂ ಕಾದು ಸುಡಬಹುದು. ತಾಳಿ ಸರಕ್ಕೆ, ಬಳೆಗೆ ನಮ್ಮ ಹೆಣ್ಣುಮಕ್ಕಳು ಸಿಕ್ಕಿಸಿಕೊಳ್ಳುವ ಸೇಫ್ಟಿ ಪಿನ್ನು ಕಬ್ಬಿಣದ್ದು. ಆದರೆ ಕೇಳುವ ರೀತಿಯೊಂದಿದೆ. ಗಂಡಸರ ನಡುವೆ ನಿಲ್ಲಿಸಿ “ತಾಳಿ ಬಿಚ್ಚಿ” ಎಂದು ಗದರಿದರೆ ಹಿರಿಯ ಹೆಂಗಸು ಸೆರಗಿನಡಿ ಬಚ್ಚಿಟ್ಟುಕೊಂಡೇ ಒಳಗೆ ಹೋಗುತ್ತಾಳೆ. ಹೆಣ್ಣು ಸಿಬ್ಬಂದಿ, ಮರೆಯ ಕೋಣೆ, ಬೀಗವಿರುವ ಪೆಟ್ಟಿಗೆ, ಬೇಕೆನ್ನುವವರಿಗೆ ಅಷ್ಟು ಹೊತ್ತು ಕಟ್ಟಿಕೊಳ್ಳಲು ಅರಿಶಿನದ ದಾರ, ಇಷ್ಟು ಇದ್ದರೆ ಸಾಕು. ಉಡಿದಾರ, ತಾಯಿತಗಳ ವಿಷಯವೂ ಹೀಗೆಯೇ.

10. ಕಾನೂನಿನ ಕಣ್ಣು ಇಲ್ಲಿಯೂ ಬೀಳಲಿ.

ಎಕ್ಸ್‌ರೇ, ಸಿಟಿ ಯಂತ್ರ ಇಡಬೇಕಾದರೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಎಂಆರ್‌ಐನಲ್ಲಿ ವಿಕಿರಣವಿಲ್ಲವೆಂದು ಅದು ಆ ಮಂಡಳಿಯ ಕೈಗೆ ಬರುವುದಿಲ್ಲ. ಅಯಸ್ಕಾಂತವನ್ನು ನೋಡಿಕೊಳ್ಳುವ ಅಂಥದೇ ಇನ್ನೊಂದು ಕಣ್ಣು ನಮ್ಮಲ್ಲಿ ಇರಬೇಕು. ರಾಜ್ಯದ ಕೈಯಲ್ಲೇ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007 ಇದೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವೂ ಇದೆ. ಅದರ ನಿಯಮಗಳಿಗೆ ಎಂಆರ್‌ಐ ಸುರಕ್ಷತೆಯ ಅಧ್ಯಾಯವೊಂದನ್ನು ಸೇರಿಸಿ. ಪ್ರತಿ ಕೇಂದ್ರದಲ್ಲಿ ಹೆಸರು ಗೊತ್ತಿರುವ ಒಬ್ಬ ಸುರಕ್ಷತಾ ಅಧಿಕಾರಿ ಇರಬೇಕು, ನೋಂದಣಿ ನವೀಕರಿಸುವಾಗ ಮೇಲಿನ ಒಂಬತ್ತನ್ನೂ ಪರಿಶೀಲಿಸಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಖಾಸಗಿಯವರು ನಡೆಸುವ ಘಟಕಗಳ ಒಪ್ಪಂದದಲ್ಲೂ ಈ ಮಾತುಗಳು ಬರಬೇಕು. ಯಂತ್ರ ನಡೆಸುವವರು ಅರ್ಹತೆ ಪಡೆದ ಟೆಕ್ನಾಲಜಿಸ್ಟರೇ ಆಗಿರಬೇಕು. ಅದಕ್ಕೆ ಆರೋಗ್ಯ ವೃತ್ತಿಪರರ ಕುರಿತ 2021ರ ಕೇಂದ್ರ ಕಾಯ್ದೆಯ ಬಲವೂ ಇದೆ.

11. ಆದದ್ದನ್ನೂ, ಆಗಬೇಕಿದ್ದು ತಪ್ಪಿದ್ದನ್ನೂ ಬರೆದಿಡಿ.

ವೈದ್ಯಕೀಯ ಸಾಧನಗಳಿಂದಾದ ತೊಂದರೆಗಳನ್ನು ವರದಿ ಮಾಡಲು ದೇಶದಲ್ಲಿ 2015ರಿಂದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮವಿದೆ. ಎಂಆರ್‌ಐ ಕೇಂದ್ರಗಳು ಅದಕ್ಕೆ ವರದಿ ಮಾಡುವುದನ್ನು ಕಡ್ಡಾಯಗೊಳಿಸಿ. ಬರೀ ಅನಾಹುತವಾದಾಗ ಅಲ್ಲ, ಕೂದಲೆಳೆಯಲ್ಲಿ ತಪ್ಪಿದಾಗಲೂ. ನನ್ನ ಅಮ್ಮನನ್ನು ಮೇಜಿನಿಂದ ಇಳಿಸಿದ ಘಟನೆ ಎಲ್ಲಿಯೂ ದಾಖಲಾಗಿಲ್ಲ. ದಾಖಲಾಗಿದ್ದರೆ ಆ ಕೇಂದ್ರದ ಫಾರಂ ಬದಲಾಗುತ್ತಿತ್ತು, ಆ ಹುಡುಗನಿಗೆ ಒಂದು ಶಾಭಾಸ್‌ಗಿರಿಯೂ ಸಿಗುತ್ತಿತ್ತು. ತಪ್ಪನ್ನು ತಾನಾಗಿ ಹೇಳಿಕೊಂಡ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಬಾರದು. ವರ್ಷಕ್ಕೊಮ್ಮೆ ಜಿಲ್ಲಾವಾರು ಲೆಕ್ಕವನ್ನು, ನಿರಾಕರಿಸಿದವರ ಸಂಖ್ಯೆಯನ್ನೂ ಸೇರಿಸಿ, ಸಾರ್ವಜನಿಕರ ಮುಂದಿಡಿ.

ಇವುಗಳಲ್ಲಿ 1, 3, 4 ಮತ್ತು 8ನೆಯ ಬೇಡಿಕೆಗಳಿಗೆ ಹೊಸ ಕಾನೂನು ಬೇಕಿಲ್ಲ, ಇಲಾಖೆಯ ಸುತ್ತೋಲೆಯಿಂದಲೇ ಶುರುಮಾಡಬಹುದು. ಮೂರು ತಿಂಗಳೊಳಗೆ ಆಗಲಿ ಎಂಬುದು ನಮ್ಮ ಒತ್ತಾಯ. ಉಳಿದವಕ್ಕೆ ರೇಡಿಯಾಲಜಿಸ್ಟರು, ಟೆಕ್ನಾಲಜಿಸ್ಟರು, ಶಸ್ತ್ರವೈದ್ಯರು ಮತ್ತು ನಮ್ಮಂಥವರು ಸೇರಿದ ಸಮಿತಿಯೊಂದನ್ನು ನೇಮಿಸಿ ಒಂದು ವರ್ಷದ ಗಡುವು ಕೊಡಿ. ಸಮಿತಿಯಲ್ಲಿ ಮೈಯೊಳಗೆ ಲೋಹವಿರುವ ಕನಿಷ್ಠ ಇಬ್ಬರು ರೋಗಿಗಳಿರಬೇಕು, ಅವರಲ್ಲಿ ಒಬ್ಬರು ಹೆಣ್ಣಾಗಿರಬೇಕು.

ತಾವು ದಿನ ಮತ್ತು ಹೊತ್ತು ತಿಳಿಸಿದರೆ ನಮ್ಮ ಐವರು ಬಂದು ಕಾಣುತ್ತೇವೆ. ಅಮ್ಮನೂ ಬರುತ್ತಾಳೆ. ವಾಕರ್ ಇರುವುದರಿಂದ ಕೆಳಮಹಡಿಯಲ್ಲಿ ಭೇಟಿಗೆ ಅವಕಾಶ ಮಾಡಿಕೊಡಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಮೈಯೊಳಗೆ ಲೋಹ ಇರುವವರು ಮತ್ತು ಅವರ ಮನೆಯವರು

ಲಗತ್ತು: ಸಹಿಗಳ ಪಟ್ಟಿ, 2006ರ ಡಿಸ್ಚಾರ್ಜ್ ಸಮ್ಮರಿಯ ಪ್ರತಿ, ಥಿಯೇಟರ್ ರಿಜಿಸ್ಟರಿನಲ್ಲಿ ಸಿಕ್ಕ ಸ್ಟಿಕ್ಕರಿನ ಜೆರಾಕ್ಸ್.